ಹರಕು ಅಂಗಿಯ ಋಣ

ನನ್ನ ತಾಯಿಯ ಬಳೆಗಳಲ್ಲಿ ಯಾವಾಗಲೂ ಮೂರು ನಾಲ್ಕು ಪಿನ್ನುಗಳು ತೂಗುತ್ತಿದ್ದುವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕಾಣುತ್ತಿದ್ದ ನೋಟವೇ ಅದು. ಶಾಲೆಗೆ ಹೊರಟ ಹುಡುಗನ ಅಂಗಿಯ ಗುಂಡಿ ಕಿತ್ತಿದ್ದರೆ, ತೋಳಿನ ಹೊಲಿಗೆ ಬಿಟ್ಟಿದ್ದರೆ, ಅವನನ್ನು ಬಾಗಿಲಲ್ಲೇ ತಡೆದು, ಬಳೆಯಿಂದ ಒಂದು ಪಿನ್ನು ಕಳಚಿ, ಹರಿದೆಡೆಯನ್ನು ಒಳಗಿನಿಂದ ಸೇರಿಸಿ ಚುಚ್ಚಿ ಕಳಿಸುತ್ತಿದ್ದರು. ಹೊರಗೆ ಕಾಣಬಾರದು, ಅದೇ ಅಲ್ಲಿಯ ಮುಖ್ಯ ನಿಯಮ. ಕೈ ಎತ್ತಿದರೆ ಕಂಕುಳ ಬಳಿಯ ಪಿನ್ನು ಕಂಡೀತೆಂದು, ಮೇಷ್ಟ್ರ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಸುಮ್ಮನೆ ಕುಳಿತ ದಿನಗಳು ನನಗೆ ಇಂದಿಗೂ ನೆನಪಿವೆ.

೧೯೭೭ನೆಯ ಇಸವಿ. ನಾನಾಗ ಕಾಲೇಜಿನ ವಿದ್ಯಾರ್ಥಿ. ಗ್ರಂಥಾಲಯದ ಮೇಜಿನ ಮೇಲಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಲಂಡನ್ ನಗರದ ತರುಣನೊಬ್ಬನ ಚಿತ್ರವನ್ನು ನೋಡಿದೆ. ಅವನ ಅಂಗಿ ಎದೆಯಿಂದ ಹೊಟ್ಟೆಯವರೆಗೆ ಹರಿದಿತ್ತು. ಹರಿದ ಅಂಚುಗಳನ್ನು ಏಳೆಂಟು ಪಿನ್ನುಗಳು ಹಿಡಿದುಕೊಂಡಿದ್ದುವು. ಒಂದೂ ಮರೆಯಲ್ಲಿರಲಿಲ್ಲ, ಎಲ್ಲವೂ ಪದಕಗಳಂತೆ ಹೊರಗೇ ಹೊಳೆಯುತ್ತಿದ್ದುವು. ನಾನು ನಾಚಿಕೆಯಿಂದ ಮುಚ್ಚಿಟ್ಟುಕೊಂಡದ್ದನ್ನು ಆತ ಪ್ರಪಂಚದ ಕಣ್ಣಿಗೆ ಹಿಡಿದು ನಿಂತಿದ್ದ. ಇದೇಕೆ ಹೀಗೆ? ಆ ಪಿನ್ನು ಅಲ್ಲಿಂದ ಮುಂದೆ ಎಲ್ಲಿಗೆ ಹೋಯಿತು? ಅಂದು ಮನಸ್ಸಿಗೆ ಬಂದ ಈ ಪ್ರಶ್ನೆಗಳ ಬೆನ್ನು ಹತ್ತಿ, ಬಿಡುವಾದಾಗಲೆಲ್ಲ ಓದಿಕೊಂಡ ಕೆಲವು ಸಂಗತಿಗಳನ್ನು ಕೇಳುಗರ ಮುಂದೆ ಇಡಬೇಕೆಂದಿದ್ದೇನೆ.

ಪಿನ್ನಿನಿಂದಲೇ ಆರಂಭಿಸೋಣ. ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬ ಯಂತ್ರಕುಶಲಿ ೧೮೪೯ರ ಏಪ್ರಿಲ್ ೧೦ರಂದು ಸೇಫ್ಟಿ ಪಿನ್ನಿಗೆ ಪೇಟೆಂಟ್ ಪಡೆದ. ಹದಿನೈದು ಡಾಲರುಗಳ ಸಾಲವೊಂದನ್ನು ತೀರಿಸುವ ಸಲುವಾಗಿ ಅದರ ಹಕ್ಕನ್ನು ನಾನೂರು ಡಾಲರಿಗೆ ಮಾರಿಬಿಟ್ಟನೆಂಬುದು ಪ್ರಸಿದ್ಧವಾದ ಕಥೆ. ಮುಂದಿನ ಲಾಭವೆಲ್ಲ ಕೊಂಡವರ ಪಾಲಾಯಿತು. ಸಾಲದ ನೆರಳಿನಲ್ಲೇ ಹುಟ್ಟಿದ ಈ ವಸ್ತುವಿನ ಚರಿತ್ರೆಯಲ್ಲಿ ಋಣದ ಮಾತು ಮತ್ತೆ ಮತ್ತೆ ಬರುವುದನ್ನು ನಾವು ಕಾಣಲಿದ್ದೇವೆ.

ಲಂಡನ್ನಿನ ಆ ತರುಣ ಪಂಕ್ ಎಂಬ ಸಂಗೀತದ ಹುಚ್ಚು ಹತ್ತಿದವನು. ಒಂದು ಬಗೆಯ ಸಂಗೀತವನ್ನು ಕೇಳುವವರು ಒಂದು ಬಗೆಯ ಉಡುಪು, ಒಂದು ಬಗೆಯ ನಡೆ, ಒಂದು ಬಗೆಯ ನುಡಿಯನ್ನು ರೂಢಿಸಿಕೊಂಡು, ದೊಡ್ಡ ಸಮಾಜದೊಳಗೇ ತಮ್ಮದೊಂದು ಚಿಕ್ಕ ಸಮಾಜವನ್ನು ಕಟ್ಟಿಕೊಳ್ಳುವುದುಂಟು. ವಿದ್ವಾಂಸರು ಇದನ್ನು ಉಪಸಂಸ್ಕೃತಿ ಎನ್ನುತ್ತಾರೆ. ಡಿಕ್ ಹೆಬ್ಡಿಜ್ ಎಂಬ ಇಂಗ್ಲಿಷ್ ಲೇಖಕರು ೧೯೭೯ರಲ್ಲಿ ಇದನ್ನೇ ಕುರಿತು ಒಂದು ಪುಟ್ಟ ಗ್ರಂಥ ಬರೆದರು. ಪಿನ್ನು, ಬೂಟು, ಕೂದಲಿನ ಕಟ್ಟು ಮುಂತಾದ ಅಲ್ಪ ವಸ್ತುಗಳನ್ನೂ ಒಂದು ಕಾವ್ಯದ ಪದಗಳಂತೆ ಅರ್ಥಮಾಡಿಕೊಳ್ಳಬಹುದೆಂದು ತೋರಿಸಿದ್ದು ಆ ಗ್ರಂಥದ ಹಿರಿಮೆ. ಕನ್ನಡ ಎಂ.ಎ. ಓದಿದ ನನ್ನಂಥವನು ಈ ವಿಷಯಕ್ಕೆ ಕೈಹಾಕುವ ಧೈರ್ಯ ಮಾಡಿದ್ದರೆ ಅದಕ್ಕೂ ಈ ಮಾತೇ ಆಧಾರ.

ಸಂಗೀತದ ಹುಡುಗರಿಂದ ವಸ್ತ್ರವಿನ್ಯಾಸಕಾರರು ಎತ್ತಿಕೊಂಡರು, ಕೆಳಗಿನದು ಮೇಲಕ್ಕೆ ಹೋಯಿತು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಚರಿತ್ರೆ ಅಷ್ಟು ನೇರವಾಗಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರ ಜೂನ್ ತಿಂಗಳಲ್ಲಿ, ಬ್ರಿಟನ್ನಿನಲ್ಲಿ ಬಟ್ಟೆಗೆ ಪಡಿತರ ಬಂದಿತು. ಗಂಡಸರ ಕೋಟಿಗೆ ಎಷ್ಟು ಜೇಬು, ಎಷ್ಟು ಗುಂಡಿ ಎಂಬುದಕ್ಕೂ ಸರ್ಕಾರದ ಕಟ್ಟಳೆ ಇದ್ದಿತು. ಪಡಿತರ ಕೊನೆಗೊಂಡದ್ದು ೧೯೪೯ರ ಮಾರ್ಚ್ ತಿಂಗಳಲ್ಲಿ. ಆ ಹೊತ್ತಿಗೆ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಗಳು ಶ್ರೀಮಂತ ತರುಣರಿಗಾಗಿ ಏಳನೆಯ ಎಡ್ವರ್ಡ್ ದೊರೆಯ ಕಾಲದ ಉದ್ದ ಕೋಟನ್ನು ಮತ್ತೆ ಬಳಕೆಗೆ ತಂದಿದ್ದರು. ಐವತ್ತರ ದಶಕದ ಮೊದಲಲ್ಲಿ ಕೂಲಿಕಾರರ ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಮಖಮಲ್ಲಿನ ಕಾಲರು, ಇಕ್ಕಟ್ಟಾದ ಷರಾಯಿ, ದಪ್ಪ ಅಟ್ಟೆಯ ಬೂಟು ಅವರ ಲಾಂಛನಗಳಾದುವು. ಎಡ್ವರ್ಡ್ ಎಂಬ ಹೆಸರಿನ ಮುದ್ದುರೂಪದಿಂದ ಅವರಿಗೆ ಟೆಡ್ಡಿ ಬಾಯ್ ಎಂಬ ಹೆಸರು ಬಂದಿತು. ಬಡವರ ಮೈಮೇಲೆ ಆ ಕೋಟನ್ನು ಕಂಡೊಡನೆ ಶ್ರೀಮಂತರು ಅದನ್ನು ಬಿಟ್ಟುಬಿಟ್ಟರು! ಅಮೆರಿಕದ ರಾಕ್ ಅಂಡ್ ರೋಲ್ ಸಂಗೀತ ಈ ಹುಡುಗರನ್ನು ಸೇರಿದ್ದು ಆಮೇಲೆ. ಅಂದರೆ ಕೋಟು ಮೇಲಿನಿಂದ ಕೆಳಕ್ಕೆ ಇಳಿದು ಬಂದಿತ್ತು; ಹಾಡು ಅದನ್ನು ಹುಡುಕಿಕೊಂಡು ಬಂದಿತು.

ಈ ಟೆಡ್ಡಿ ಬಾಯ್‌ಗಳ ಹಳೆಯ ಉಡುಪಿನಿಂದಲೇ ನಮ್ಮ ಕಥೆಯ ಮುಖ್ಯ ಭಾಗ ಮೊದಲಾಗುತ್ತದೆ. ೧೯೭೧ರಲ್ಲಿ ಲಂಡನ್ನಿನ ಚೆಲ್ಸಿ ಭಾಗದ ಕಿಂಗ್ಸ್ ರೋಡಿನ ೪೩೦ನೆಯ ನಂಬರಿನ ಮಳಿಗೆಯಲ್ಲಿ ಇಬ್ಬರು ಅಂಗಡಿ ತೆರೆದರು. ಒಬ್ಬರು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿದ್ದ ವಿವಿಯೆನ್ ವೆಸ್ಟ್‌ವುಡ್. ಇನ್ನೊಬ್ಬರು ಕಲಾಶಾಲೆಗಳಲ್ಲಿ ಅಲೆದಾಡಿ ಬಂದ ಮಾಲ್ಕಮ್ ಮೆಕ್‌ಲಾರೆನ್. 'ಲೆಟ್ ಇಟ್ ರಾಕ್' ಎಂಬ ಹೆಸರಿನ ಆ ಅಂಗಡಿಯಲ್ಲಿ ಐವತ್ತರ ದಶಕದ ಉಡುಪು, ಹಾಡಿನ ತಟ್ಟೆಗಳು ಮಾರಾಟಕ್ಕಿದ್ದುವು. ಎರಡು ವರ್ಷ ಕಳೆಯುವುದರೊಳಗೆ ಹಲಗೆ ಬದಲಾಯಿತು. ಮೋಟಾರ್ ಸೈಕಲ್ ಸವಾರರ ತೊಗಲಿನ ಉಡುಪು ಒಳಬಂದಿತು. ೧೯೭೪ರಲ್ಲಿ ಮತ್ತೊಂದು ಹೆಸರು. ಮರ್ಯಾದಸ್ಥರು ಬೀದಿಯಲ್ಲಿ ಉಚ್ಚರಿಸಲು ಹಿಂಜರಿಯುವಂಥದು. ೧೯೭೬ರಲ್ಲಿ 'ಸೆಡಿಷನರೀಸ್', ಎಂದರೆ ರಾಜದ್ರೋಹಿಗಳು. ೧೯೮೦ರ ಹೊತ್ತಿಗೆ 'ವರ್ಲ್ಡ್ಸ್ ಎಂಡ್'. ಈ ಕೊನೆಯ ಅಂಗಡಿಯ ಮುಂದೆ ಹದಿಮೂರು ಗಂಟೆಗಳನ್ನು ತೋರಿಸುತ್ತ ಹಿಂದುಹಿಂದಕ್ಕೆ ತಿರುಗುವ ದೊಡ್ಡ ಗಡಿಯಾರವೊಂದನ್ನು ತೂಗುಹಾಕಿದರು. ಒಂದೇ ಬಾಗಿಲು, ಐದು ಹೆಸರು. ಒಂದು ದಶಕದ ಇಂಗ್ಲೆಂಡಿನ ತರುಣರ ಮನಸ್ಸು ತಿರುಗಿದ ಬಗೆಯನ್ನು ಆ ಹಲಗೆಗಳಿಂದಲೇ ಓದಬಹುದು.

ಆ ಮನಸ್ಸು ಏಕೆ ಕೆರಳಿತ್ತು? ೧೯೭೬ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಅದೇ ವರ್ಷ, ಒಂದು ಕಾಲಕ್ಕೆ ಸೂರ್ಯ ಮುಳುಗದ ಸಾಮ್ರಾಜ್ಯವೆನಿಸಿದ್ದ ಆ ದೇಶ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕೆ ಕೈಯೊಡ್ಡಿತು. ಶಾಲೆ ಬಿಟ್ಟ ಹುಡುಗರಿಗೆ ಕೆಲಸವಿಲ್ಲ. ರೇಡಿಯೋದಲ್ಲಿ ಬರುತ್ತಿದ್ದ ರಾಕ್ ಸಂಗೀತವೋ, ಕೋಟ್ಯಧೀಶರ ವೈಭವವಾಗಿಬಿಟ್ಟಿತ್ತು. ಕಿಂಗ್ಸ್ ರೋಡಿನ ಆ ಅಂಗಡಿಯಲ್ಲಿ ಸುಳಿದಾಡುತ್ತಿದ್ದ ಹುಡುಗರೇ ಸೇರಿ ಸೆಕ್ಸ್ ಪಿಸ್ಟಲ್ಸ್ ಎಂಬ ತಂಡವಾಯಿತು. ಜಾನ್ ಲೈಡನ್ ಎಂಬವನು ಅಲ್ಲಿಯವರ ಕಣ್ಣಿಗೆ ಬಿದ್ದದ್ದು ಹೇಗೆಂಬುದನ್ನು ಕೇಳಿ: ಅವನು ತೊಟ್ಟಿದ್ದ ಬನಿಯನ್ನಿನ ಮೇಲೆ ಪಿಂಕ್ ಫ್ಲಾಯ್ಡ್ ಎಂಬ ಪ್ರಸಿದ್ಧ ತಂಡದ ಹೆಸರಿತ್ತು, ಅದರ ಮೇಲುಗಡೆ 'ನನಗೆ ಹಗೆ' ಎಂಬರ್ಥದ ಎರಡು ಪದಗಳನ್ನು ಅವನೇ ಬರೆದುಕೊಂಡಿದ್ದ. ಹಾಡುವ ಮೊದಲೇ ಅವನ ಅಂಗಿ ಹಾಡಿಬಿಟ್ಟಿತ್ತು. ೧೯೭೫ರ ನವೆಂಬರ್ ೬ರಂದು ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿ ತಂಡದ ಮೊದಲ ಕಚೇರಿ ನಡೆಯಿತು.

ಹರಕು ಅಂಗಿಯನ್ನು ಪಿನ್ನಿನಿಂದ ಕೂಡಿಸುವ ಉಪಾಯ ಲಂಡನ್ನಿನಲ್ಲೇ ಹುಟ್ಟಿದ್ದೆ? ಅಲ್ಲ. ನ್ಯೂಯಾರ್ಕಿನಲ್ಲಿ ರಿಚರ್ಡ್ ಹೆಲ್ ಎಂಬ ಕವಿ-ಗಾಯಕ ಅದಕ್ಕೂ ಮೊದಲೇ ಹರಿದ ಅಂಗಿ, ಕತ್ತರಿಸಿ ಕೆದರಿದ ಕೂದಲು, ಪಿನ್ನುಗಳೊಡನೆ ವೇದಿಕೆಯ ಮೇಲೆ ನಿಲ್ಲುತ್ತಿದ್ದ. ೧೯೭೫ರಲ್ಲಿ ಅಮೆರಿಕದಲ್ಲಿದ್ದ ಮೆಕ್‌ಲಾರೆನ್ ಅವನನ್ನು ನೋಡಿ ಬಂದಿದ್ದರು. ತಮಗೆ ದೊರೆತ ಸ್ಫೂರ್ತಿಯನ್ನು ಮುಂದೆ ಒಪ್ಪಿಕೊಂಡರು ಕೂಡ. ಇನ್ನೊಂದು ಋಣವೂ ಇದೆ. ಪಂಕ್ ಕಚೇರಿಗಳ ಮುಖ್ಯ ನೆಲೆಯಾಗಿದ್ದ ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ತಟ್ಟೆಗಳನ್ನು ಹಾಕುತ್ತಿದ್ದವರು ಜಮೈಕಾದಿಂದ ಬಂದು ನೆಲೆಸಿದವರ ಮಗನಾದ ಡಾನ್ ಲೆಟ್ಸ್. ಹಾಕಲು ಪಂಕ್ ತಟ್ಟೆಗಳೇ ಇನ್ನೂ ಹೆಚ್ಚಾಗಿರಲಿಲ್ಲ. ಅವರು ತಮ್ಮವರ ರೆಗ್ಗೇ ಸಂಗೀತವನ್ನೇ ಬಿಳಿಯ ಹುಡುಗರಿಗೆ ಕೇಳಿಸಿದರು. ತಾವೇ ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತಿದ್ದೇವೆಂದು ಕೂಗಿದವರ ಜೇಬಿನಲ್ಲಿಯೂ ಇಷ್ಟು ಸಾಲದ ಚೀಟಿಗಳಿದ್ದುವು.

ಇಲ್ಲಿ ಟಾರ್ಟನ್ ಎಂಬ ಚೌಕುಳಿ ಬಟ್ಟೆಯ ಮಾತನ್ನು ತುಸು ವಿಸ್ತಾರವಾಗಿ ಹೇಳಬೇಕು. ಪಂಕ್ ಉಡುಪಿನಲ್ಲಿ ಪಿನ್ನಿನಷ್ಟೇ ಎದ್ದುಕಾಣುವುದು ಕೆಂಪು ಚೌಕುಳಿಯ ಈ ಸ್ಕಾಟ್ಲೆಂಡಿನ ಬಟ್ಟೆ. ೧೭೪೬ರ ಏಪ್ರಿಲ್‌ನಲ್ಲಿ ಕಲೋಡನ್ ಕದನದಲ್ಲಿ ಸ್ಕಾಟ್ಲೆಂಡಿನ ಬಂಡುಕೋರರು ಸೋತ ಮೇಲೆ, ಅಲ್ಲಿಯ ಬೆಟ್ಟಸೀಮೆಯ ಗಂಡಸರು ತಮ್ಮ ಸಾಂಪ್ರದಾಯಿಕ ಉಡುಪನ್ನು ತೊಡಬಾರದೆಂದು ಕಾನೂನಾಯಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ. ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ದೊರೆಯ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ವಿನಾಯಿತಿ. ೧೭೯೯ರ ಮೇ ೪ರಂದು ನಮ್ಮ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟವರಲ್ಲಿ ೭೩ ಮತ್ತು ೭೪ನೆಯ ಹೈಲ್ಯಾಂಡ್ ಪಡೆಗಳೂ ಇದ್ದುವೆಂಬುದನ್ನು ನೆನೆದರೆ, ಸೋತವರ ಮಕ್ಕಳನ್ನೇ ಮುಂದಿಟ್ಟು ಸಾಮ್ರಾಜ್ಯ ಹೇಗೆ ಬೆಳೆಯಿತೆಂಬುದು ಹೊಳೆಯುತ್ತದೆ. ಇರಲಿ. ಆ ನಿಷೇಧ ೧೭೮೨ರಲ್ಲಿ ರದ್ದಾಯಿತು. ೧೮೨೨ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದಾಗ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಉತ್ಸವದಲ್ಲಿ ಸ್ವತಃ ದೊರೆಯೇ ಟಾರ್ಟನ್ ತೊಟ್ಟು ಕಾಣಿಸಿಕೊಂಡ. ಬಂಡಾಯದ ಬಟ್ಟೆ ದರ್ಬಾರಿನ ಬಟ್ಟೆಯಾಗಲು ಎಪ್ಪತ್ತಾರು ವರ್ಷ ಸಾಕಾಯಿತು.

೧೯೭೭ರಲ್ಲಿ ರಾಣಿ ಎರಡನೆಯ ಎಲಿಜಬೆತ್ ಪಟ್ಟವೇರಿದ ಇಪ್ಪತ್ತೈದನೆಯ ವರ್ಷದ ಉತ್ಸವ ನಡೆಯಿತು. ರಾಷ್ಟ್ರಗೀತೆಯ ಹೆಸರನ್ನೇ ಹೊತ್ತ ಸೆಕ್ಸ್ ಪಿಸ್ಟಲ್ಸ್ ತಂಡದ ವಿಡಂಬನೆಯ ಹಾಡು ಮೇ ತಿಂಗಳಲ್ಲಿ ಹೊರಬಂದಾಗ ಬಿಬಿಸಿ ಅದನ್ನು ಪ್ರಸಾರಮಾಡಲು ನಿರಾಕರಿಸಿತು. ಅದೇ ಕಾಲದಲ್ಲಿ ಪಂಕ್ ಹುಡುಗರು ಅದೇ ಟಾರ್ಟನ್ನನ್ನು ಹರಿದು, ಪಿನ್ನು ಚುಚ್ಚಿ, ಸರಪಳಿ ಕಟ್ಟಿ ತೊಟ್ಟರು. ಅವರಲ್ಲಿ ಎಷ್ಟು ಮಂದಿಗೆ ಕಲೋಡನ್ ಗೊತ್ತಿತ್ತೋ ಕಾಣೆ. ಆದರೆ ಬಟ್ಟೆ ತನ್ನ ನೆನಪನ್ನು ತಾನೇ ಹೊತ್ತು ತರುತ್ತದೆ.

ಇನ್ನು ವಸ್ತ್ರವಿನ್ಯಾಸಕ್ಕೆ ಬರೋಣ. ಪಂಕ್‌ನ ಬಿಸಿ ಆರುವ ಮೊದಲೇ, ೧೯೭೭ರಲ್ಲಿಯೇ, ಆಗಲೇ ಹೆಸರು ಮಾಡಿದ್ದ ವಿನ್ಯಾಸಕಿ ಜಾಂಡ್ರಾ ರೋಡ್ಸ್ ತೂತುಗಳಿರುವ, ಸರಪಳಿ ಮತ್ತು ಅಲಂಕೃತ ಪಿನ್ನುಗಳಿರುವ ನಯವಾದ ಉಡುಪುಗಳನ್ನು ರೂಪಿಸಿದರು. ಹರಕನ್ನು ಅಳೆದು ಕತ್ತರಿಸಿ, ಅಂಚಿಗೆ ಹೊಲಿಗೆ ಹಾಕಿದ್ದರು! ೧೯೯೪ರಲ್ಲಿ ಇಟಲಿಯ ವರ್ಸಾಚೆ ಸಂಸ್ಥೆಯ ಕಪ್ಪು ಉಡುಪೊಂದನ್ನು ನಟಿ ಎಲಿಜಬೆತ್ ಹರ್ಲಿ ಲಂಡನ್ನಿನ ಚಲನಚಿತ್ರ ಸಮಾರಂಭಕ್ಕೆ ತೊಟ್ಟು ಬಂದಾಗ ಜಗತ್ತಿನ ಪತ್ರಿಕೆಗಳೆಲ್ಲ ಆ ಚಿತ್ರವನ್ನು ಅಚ್ಚುಹಾಕಿದುವು. ಆ ಉಡುಪಿನ ಪಕ್ಕಗಳನ್ನು ಹಿಡಿದಿದ್ದುದು ದೊಡ್ಡ ದೊಡ್ಡ ಹೊಂಬಣ್ಣದ ಪಿನ್ನುಗಳು. ಪಿನ್ನು ಈಗ ಒಡವೆಯಾಗಿತ್ತು.

ಹೀಗೆ ಆಭರಣವನ್ನಷ್ಟೇ ಎತ್ತಿಕೊಳ್ಳುವುದು ಒಂದು ಬಗೆ. ವ್ಯಾಕರಣವನ್ನೇ ಕಲಿತುಕೊಳ್ಳುವುದು ಇನ್ನೊಂದು ಬಗೆ. ಒಳಗಿರಬೇಕಾದ ಹೊಲಿಗೆ ಹೊರಗೆ ಬರಬಹುದು, ಅಂಚು ಮಡಿಸದೆ ಉಳಿಯಬಹುದು, ಜಿಪ್ಪು ಅಗತ್ಯವಿಲ್ಲದೆಡೆ ಇರಬಹುದು, ಸೈನಿಕನ ಷರಾಯಿಗೆ ಮೊಣಕಾಲುಗಳ ನಡುವೆ ಪಟ್ಟಿ ಕಟ್ಟಿ ನಡಿಗೆಯನ್ನೇ ಬದಲಿಸಬಹುದು: ಇವೆಲ್ಲ ಕಿಂಗ್ಸ್ ರೋಡಿನ ಆ ಅಂಗಡಿ ಕಲಿಸಿದ ಪಾಠಗಳು. ವೆಸ್ಟ್‌ವುಡ್ ಅಲ್ಲಿಗೇ ನಿಲ್ಲಲಿಲ್ಲ. ಹಳೆಯ ಶತಮಾನಗಳ ಅಂಗಿಗಳ ಕತ್ತರಿಕೆಯ ನಮೂನೆಗಳನ್ನು ವಿದ್ಯಾರ್ಥಿನಿಯಂತೆ ಅಭ್ಯಾಸಮಾಡಿ, ೧೯೮೧ರ ಮಾರ್ಚ್‌ನಲ್ಲಿ 'ಪೈರೇಟ್ಸ್' ಎಂಬ ತಮ್ಮ ಮೊದಲ ವಸ್ತ್ರಪ್ರದರ್ಶನವನ್ನು ನಡೆಸಿದರು. ೧೯೯೩ರ ಒಂದು ಪ್ರದರ್ಶನಕ್ಕೆ ಪತಿಯ ಹೆಸರಿನಲ್ಲಿ ಹೊಸದೊಂದು ಟಾರ್ಟನ್ನನ್ನೇ ನೇಯಿಸಿದರು. ಎರಡು ವರ್ಷ ಕಳೆದು, ೧೯೯೫ರಲ್ಲಿ, ಅಲೆಕ್ಸಾಂಡರ್ ಮೆಕ್‌ಕ್ವೀನ್ ಎಂಬ ತರುಣ ವಿನ್ಯಾಸಕಾರ ಹರಿದ ಟಾರ್ಟನ್ನನ್ನೇ ತೊಡಿಸಿ, ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಮೇಲೆ ಇಂಗ್ಲೆಂಡು ನಡೆಸಿದ ಅತ್ಯಾಚಾರವನ್ನು ನೆನಪಿಸುವ ಪ್ರದರ್ಶನವನ್ನು ಮಾಡಿದರು. ಅಲ್ಲಿ ಹರಕು ಬರಿಯ ಅಲಂಕಾರವಾಗಿರಲಿಲ್ಲ. ಅದಕ್ಕೆ ಮರಳಿ ಮಾತು ಬಂದಿತ್ತು. ಆದುದರಿಂದ ವಿನ್ಯಾಸಕಾರರೆಲ್ಲ ಕದ್ದವರು ಎಂಬ ತೀರ್ಪನ್ನು ನಾನು ಒಪ್ಪಲಾರೆ. ಪಡೆದುದನ್ನು ಬೆಳೆಸಿ ಕೊಟ್ಟವರೂ ಇದ್ದಾರೆ.

ಹಾಗೆಯೇ, ಬೀದಿಯ ಬಂಡಾಯ ಪರಿಶುದ್ಧವಾಗಿತ್ತು, ಮಾರುಕಟ್ಟೆ ಅದನ್ನು ಕೆಡಿಸಿತು ಎಂಬ ಮಾತೂ ಪೂರ್ಣ ಸತ್ಯವಲ್ಲ. 'ಸೆಡಿಷನರೀಸ್' ಮೊದಲ ದಿನದಿಂದಲೂ ಒಂದು ಅಂಗಡಿಯೇ. ಅಲ್ಲಿಯ ಉಡುಪು ಅಗ್ಗವಾಗಿರಲಿಲ್ಲ. ಕೆಲಸವಿಲ್ಲದ ಹುಡುಗರು ಅದನ್ನು ಕಿಟಕಿಯಿಂದ ನೋಡಿ, ಮನೆಗೆ ಹೋಗಿ, ಹಳೆಯ ಅಂಗಿಯನ್ನು ತಾವೇ ಹರಿದುಕೊಂಡರು. ನಾನು ಪತ್ರಿಕೆಯಲ್ಲಿ ಕಂಡ ಹುಡುಗನೂ ಅಂಥವನೇ ಇರಬಹುದು. ಹೀಗೆ ಹರಿದುಕೊಂಡವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ವೆಸ್ಟ್‌ವುಡ್ ೧೯೯೨ರಲ್ಲಿ ರಾಣಿಯ ಕೈಯಿಂದಲೇ ಬಿರುದು ಪಡೆದರು. ೨೦೦೬ರಲ್ಲಿ 'ಡೇಮ್' ಎನಿಸಿದರು. ೨೦೨೨ರ ಡಿಸೆಂಬರ್ ೨೯ರಂದು ತೀರಿಕೊಂಡಾಗ ಲೋಕವೇ ಅವರನ್ನು ನೆನೆಯಿತು. ಅದು ಸಲ್ಲಬೇಕಾದ ಗೌರವವೇ. ಸಲ್ಲದೆ ಉಳಿದದ್ದು ಹೆಸರಿಲ್ಲದವರ ಪಾಲು.

ಹೆಸರಿಲ್ಲದವರು ಹಾಡು ಕೇಳಿದವರಷ್ಟೇ ಅಲ್ಲ, ಹೊಲಿದವರೂ ಹೌದು. ಡಾಕ್ಟರ್ ಮಾರ್ಟೆನ್ಸ್ ಎಂಬ ಬೂಟಿನ ಚರಿತ್ರೆಯನ್ನು ನೋಡಿ. ೧೯೬೦ರ ಏಪ್ರಿಲ್ ೧ರಂದು ನಾರ್ಥಾಂಪ್ಟನ್‌ಶೈರಿನ ಒಂದು ಕಾರ್ಖಾನೆಯಿಂದ ಹೊರಬಂದ ಅದು ಅಂಚೆಯವರ, ಕೂಲಿಗಳ ಅಗ್ಗದ ಬೂಟು. ಗಾಯಕರೂ ಅವರ ಅಭಿಮಾನಿಗಳೂ ಅದನ್ನು ಮೆಟ್ಟಿ ಪ್ರಸಿದ್ಧಗೊಳಿಸಿದರು. ೨೦೦೩ರಲ್ಲಿ ಅದರ ಬಹುಪಾಲು ತಯಾರಿಕೆ ಏಷ್ಯಾಕ್ಕೆ ಹೋಯಿತು. ಅಲ್ಲಿಯ ಕಾರ್ಮಿಕರು ಕೆಲಸ ಕಳೆದುಕೊಂಡರು. ೨೦೨೧ರ ಜನವರಿಯಲ್ಲಿ ಲಂಡನ್ ಷೇರುಪೇಟೆಯನ್ನು ಪ್ರವೇಶಿಸಿದಾಗ ಕಂಪನಿಯ ಬೆಲೆ ೩೭೦ ಕೋಟಿ ಪೌಂಡು! ಹರಕು ಜೀನ್ಸಿನ ಕಥೆ ಇದಕ್ಕಿಂತ ಕರುಣಾಜನಕ. ಹಾಡುಗಾರರು ತೊಟ್ಟು ತೊಟ್ಟು ಸವೆದ ಬಟ್ಟೆಯ ಕಳೆಯನ್ನು ಹೊಸ ಬಟ್ಟೆಗೆ ಕೊಡಲು ಕಾರ್ಖಾನೆಗಳಲ್ಲಿ ಯಂತ್ರದಿಂದ ಮರಳನ್ನು ರಭಸವಾಗಿ ಎರಚುತ್ತಿದ್ದರು. ಆ ದೂಳು ಕುಡಿದು ಟರ್ಕಿ ದೇಶದ ಎಷ್ಟೋ ತರುಣ ಕಾರ್ಮಿಕರು ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗಕ್ಕೆ ತುತ್ತಾದರು. ಆ ದೇಶ ೨೦೦೯ರಲ್ಲಿ ಈ ಪದ್ಧತಿಯನ್ನು ನಿಷೇಧಿಸಬೇಕಾಯಿತು. ಒಬ್ಬನ ಬಂಡಾಯದ ಹರಕು ಇನ್ನೊಬ್ಬನ ಎದೆಯ ಹರಕಾಯಿತು. ಬಳ್ಳಾರಿಯ ಓಣಿಗಳಲ್ಲಿ ಜೀನ್ಸ್ ಹೊಲಿಯುವ ನಮ್ಮವರನ್ನು ಬಲ್ಲವರಿಗೆ ಇದು ದೂರದ ಸುದ್ದಿಯೆನಿಸಲಾರದು.

ಕೊನೆಯದಾಗಿ ಎರಡು ಘಟನೆಗಳನ್ನು ಹೇಳಬೇಕು. ೨೦೧೩ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಪಂಕ್ ಮತ್ತು ಉನ್ನತ ವಸ್ತ್ರವಿನ್ಯಾಸವನ್ನು ಕುರಿತು ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ರಿಚರ್ಡ್ ಹೆಲ್‌ನಂಥವರು ಹಾಡುತ್ತಿದ್ದ ಸಿಬಿಜಿಬಿ ಎಂಬ ಕ್ಲಬ್ಬು ೨೦೦೬ರಲ್ಲಿ ಮುಚ್ಚಿಹೋಗಿತ್ತು. ಅದರ ಕೊಳಕು ಶೌಚಾಲಯವನ್ನು ಯಥಾವತ್ತಾಗಿ ಕಟ್ಟಿ ಪ್ರದರ್ಶನದಲ್ಲಿಟ್ಟರು. ಮೂರು ವರ್ಷಗಳ ಮೇಲೆ, ಪಂಕ್‌ನ ನಲವತ್ತನೆಯ ವರ್ಷವನ್ನು ಲಂಡನ್ನಿನ ಸಂಸ್ಥೆಗಳು ಅಧಿಕೃತ ಉತ್ಸವವಾಗಿ ಆಚರಿಸಿದಾಗ, ವೆಸ್ಟ್‌ವುಡ್ ಮತ್ತು ಮೆಕ್‌ಲಾರೆನ್ ಅವರ ಮಗ ಜೋ ಕೊರೆಗೆ ಅದು ಸಹಿಸಲಾರದ ಅಣಕವೆನಿಸಿತು. ೨೦೧೬ರ ನವೆಂಬರ್ ೨೬ರಂದು, ಸೆಕ್ಸ್ ಪಿಸ್ಟಲ್ಸ್ ತಂಡದ ಮೊದಲ ಹಾಡು ಹೊರಬಂದು ನಲವತ್ತು ವರ್ಷ ತುಂಬಿದ ದಿನ, ಥೇಮ್ಸ್ ನದಿಯಲ್ಲಿ ದೋಣಿಯೊಂದರ ಮೇಲೆ ತನ್ನಲ್ಲಿದ್ದ ಪಂಕ್ ಉಡುಪುಗಳನ್ನೂ ನೆನಪಿನ ವಸ್ತುಗಳನ್ನೂ ಆತ ಸುಟ್ಟುಹಾಕಿದ. ಅವುಗಳ ಬೆಲೆ ಐವತ್ತು ಲಕ್ಷ ಪೌಂಡು ಎಂದು ಆತನೇ ಹೇಳಿದ್ದ.

ಬಟ್ಟೆ ಸುಡುವ ಸುದ್ದಿಯನ್ನು ಓದಿದಾಗ ಭಾರತೀಯರಾದ ನಮಗೆ ೧೯೨೧ರ ಜುಲೈ ೩೧ರ ಮುಂಬಯಿ ನೆನಪಾಗದಿರದು. ಗಾಂಧೀಜಿ ಅಂದು ವಿದೇಶೀ ವಸ್ತ್ರಗಳ ರಾಶಿಗೆ ಬೆಂಕಿಯಿಟ್ಟರು. ಬಟ್ಟೆಯಿಲ್ಲದವರಿರುವ ನಾಡಿನಲ್ಲಿ ಬಟ್ಟೆ ಸುಡುವುದು ಸರಿಯೇ ಎಂಬ ವಾದವನ್ನು ಅದೇ ವರ್ಷ ರವೀಂದ್ರನಾಥ ಠಾಕೂರರು ಎತ್ತಿದರು. ಎರಡು ಬೆಂಕಿಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಗಾಂಧೀಜಿಯ ಬೆಂಕಿಯ ಬೆನ್ನಿಗೆ ಚರಕವಿತ್ತು; ಸುಟ್ಟುದರ ಬದಲಿಗೆ ನೂತು ಕೊಡುವ ಕೆಲಸವಿತ್ತು. ಥೇಮ್ಸ್ ನದಿಯ ಬೆಂಕಿಯ ಬೆನ್ನಿಗೆ ಅಂಥದೇನೂ ಇರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅಂಗಿ ಮೂಕವಾಗುತ್ತದೆ, ನಿಜ. ಸುಟ್ಟರೆ ಸಾಕ್ಷಿಯೇ ಇಲ್ಲವಾಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ಹುಟ್ಟಿನೊಡನೆಯೇ ಮನುಷ್ಯನ ಮೇಲೆ ಮೂರು ಋಣಗಳಿರುತ್ತವೆಂದು ನಮ್ಮ ಹಿರಿಯರು ಹೇಳಿದರು. ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣ ತೀರುವುದು ಹಣದಿಂದಲ್ಲ. ಅಧ್ಯಯನದಿಂದ, ಕಲಿತುದನ್ನು ಮತ್ತೊಬ್ಬರಿಗೆ ಹೇಳುವುದರಿಂದ. ಹೊಲಿದವರಿಗೆ ಸಲ್ಲಬೇಕಾದ ಕೂಲಿಯನ್ನೂ ಆರೋಗ್ಯವನ್ನೂ ಕಾನೂನು ಕೊಡಿಸಬೇಕು. ಅದಕ್ಕೆ ಕಥೆ ಹೇಳುವುದು ಬದಲಿಯಾಗಲಾರದು. ಆದರೆ ಹೆಸರಿಲ್ಲದೆ ಹೋದವರ ಋಣವನ್ನು ತೀರಿಸಲು ಚರಿತ್ರೆಯಲ್ಲದೆ ಬೇರೆ ದಾರಿಯಿಲ್ಲ.

ಕೆಲವು ತಿಂಗಳುಗಳ ಹಿಂದೆ ನನ್ನ ತಮ್ಮನ ಮಗಳು ಮೊಣಕಾಲಲ್ಲಿ ಹರಿದ ಜೀನ್ಸ್ ತೊಟ್ಟು ನಮ್ಮ ಮನೆಗೆ ಬಂದಿದ್ದಳು. ಅದು ಒಗೆಯಲು ಬಿದ್ದಿದ್ದಾಗ ನನ್ನ ಹೆಂಡತಿ, ಪಾಪ, ಹುಡುಗಿ ನೋಡಿಕೊಂಡಿಲ್ಲವೆಂದು ಹರಿದೆಡೆಗೆ ಅಚ್ಚುಕಟ್ಟಾಗಿ ತೇಪೆ ಹಾಕಿಟ್ಟಳು. ಹುಡುಗಿ ಅಳುವುದೊಂದು ಬಾಕಿ. ಸಮಾಧಾನಪಡಿಸಲು ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳಿದೆ: ಲಂಡನ್ನಿನ ಹುಡುಗರು, ಟರ್ಕಿಯ ಮರಳು, ಕೊನೆಯಲ್ಲಿ ಅವಳು ನೋಡದ ಅವಳ ಅಜ್ಜಿಯ ಬಳೆಗಳು. ಕೇಳಿ ಮುಗಿಸಿದ ಮೇಲೆ ಅವಳು ತೇಪೆಯನ್ನು ಬಿಚ್ಚಲಿಲ್ಲ. ಅಜ್ಜಿಯ ಒಂದು ಪಿನ್ನು ಮನೆಯಲ್ಲಿ ಇದೆಯೇ ಎಂದು ಕೇಳಿದಳು. ಹುಡುಕಿ ಕೊಟ್ಟೆ. ತುಕ್ಕು ಹಿಡಿದಿತ್ತು. ಅದನ್ನು ತೇಪೆಯ ಮೇಲೆ, ಎಲ್ಲರಿಗೂ ಕಾಣುವಂತೆ, ಚುಚ್ಚಿಕೊಂಡು ಹೋದಳು.

(ಆಕಾಶವಾಣಿಯ ಕೃಪೆಯಿಂದ)